ಗಿಡದ ಎಲೆಯಿಂದ ಫಿಟ್ಸ್ ಮಾತ್ರೆಯವರೆಗೆ: ನಡುವಿನ ದಾರಿ ಯಾಕಷ್ಟು ಉದ್ದ?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸುದ್ದಿ ಆಗಾಗ ಓಡಾಡುತ್ತದೆ. ‘ಮೂರ್ಛೆ ರೋಗಕ್ಕೆ ಗಿಡದಲ್ಲೇ ಔಷಧಿ’, ‘ಫಿಟ್ಸ್ ತಡೆಯುವ ಅಂಶ ಎಲೆಯಲ್ಲಿ ಪತ್ತೆ’. ಜೊತೆಗೊಂದು ಹಸಿರು ಎಲೆಯ ಫೋಟೋ. ಮನೆಯಲ್ಲಿ ಫಿಟ್ಸ್ ಇರುವವರಿದ್ದರೆ ಇಂಥದ್ದನ್ನು ನೋಡಿಯೂ ನೋಡದಂತೆ ಮುಂದೆ ಹೋಗಲು ಆಗುವುದಿಲ್ಲ. ವರ್ಷಗಟ್ಟಲೆ ಎರಡು ಹೊತ್ತು ಮಾತ್ರೆ ನುಂಗಿ ಬೇಸತ್ತವರಿಗೆ, ಮದ್ದು ಹಿತ್ತಲಲ್ಲೇ ಇದೆ ಅಂದರೆ ಆಸೆಯಾಗುವುದು ಸಹಜ ಅಲ್ವಾ?

ಇಂಥ ಸುದ್ದಿಯೆಲ್ಲ ಸುಳ್ಳು ಅಂತೇನಿಲ್ಲ. ಎಷ್ಟೋ ಸಲ ಅದರ ಹಿಂದೆ ನಿಜವಾದ ಪ್ರಯೋಗ ಇರುತ್ತದೆ. ಆದರೆ ಆ ಪ್ರಯೋಗ ಯಾರ ಮೇಲೆ ನಡೆಯಿತು, ಎಲ್ಲಿಯವರೆಗೆ ಬಂದಿದೆ, ಇನ್ನೆಷ್ಟು ದೂರ ಹೋಗಬೇಕು ಎಂಬುದು ಸುದ್ದಿಯಲ್ಲಿ ಇರುವುದಿಲ್ಲ. ಗಿಡದಲ್ಲಿರುವ ವಸ್ತುವನ್ನು ಹುಡುಕಿ, ಬೇರೆ ಮಾಡಿ, ಬೇಕಾದಂತೆ ತಿದ್ದಿ ಔಷಧಿ ಮಾಡುವ ವಿದ್ಯೆಗೆ ಮೆಡಿಸಿನಲ್ ಕೆಮಿಸ್ಟ್ರಿ ಎನ್ನುತ್ತಾರೆ. ಅದು ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಸುದ್ದಿಯನ್ನು ಎಷ್ಟು ನಂಬಬೇಕು ಎಂಬುದೂ ಗೊತ್ತಾಗುತ್ತದೆ.

ಫಿಟ್ಸ್ ಬಂದಾಗ ಮಿದುಳಿನಲ್ಲಿ ಏನಾಗುತ್ತದೆ?

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ಸಣ್ಣ ವಿದ್ಯುತ್ ಸಂಕೇತ ಕಳಿಸುತ್ತಾ ಕೆಲಸ ಮಾಡುತ್ತವೆ. ಈ ವಿದ್ಯುತ್ ತಂತಿಯಲ್ಲಿ ಹರಿಯುವಂಥದ್ದಲ್ಲ. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಎಂಬ ಲವಣದ ಕಣಗಳು ಕೋಶದ ಒಳಗೂ ಹೊರಗೂ ಓಡಾಡುವುದರಿಂದ ಹುಟ್ಟುವಂಥದ್ದು. ಕೋಶದ ಗೋಡೆಯಲ್ಲಿ ಆ ಕಣಗಳಿಗೆ ಬೇರೆ ಬೇರೆ ದಾರಿಗಳಿವೆ. ಇವಕ್ಕೆ ಚಾನೆಲ್ ಎಂದು ಹೆಸರು.

ನಮ್ಮ ಭಾಗದವರಿಗೆ ಇದನ್ನು ಹೇಳಲು ತುಂಗಭದ್ರಾ ಡ್ಯಾಂಗಿಂತ ಬೇರೆ ಉದಾಹರಣೆ ಬೇಕಿಲ್ಲ. ಡ್ಯಾಂಗೆ 33 ಕ್ರೆಸ್ಟ್ ಗೇಟುಗಳಿವೆ. ಬೇಕಾದಾಗ ತೆರೆಯಬೇಕು, ಸಾಕಾದಾಗ ಮುಚ್ಚಬೇಕು. 2024ರ ಆಗಸ್ಟ್ 10ರ ರಾತ್ರಿ ಚೈನ್ ಲಿಂಕ್ ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತು. ನೀರು ಹಿಡಿಯಲು ಆಗದೆ ಮೂರೂ ಜಿಲ್ಲೆಯ ರೈತರು ಕೈಕೈ ಹಿಸುಕಿಕೊಂಡದ್ದು ಯಾರಿಗೂ ಮರೆತಿಲ್ಲ. ನರಕೋಶದ ಸೋಡಿಯಂ ಚಾನೆಲ್ ಕೂಡ ಒಂದು ಗೇಟು. ಅದು ತೆರೆದುಕೊಳ್ಳುವುದು ಸುಮಾರು ಒಂದು ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ಆಮೇಲೆ ತಾನಾಗಿ ಮುಚ್ಚಿಕೊಂಡು, ಸ್ವಲ್ಪ ಹೊತ್ತು ಮತ್ತೆ ತೆರೆಯದಂತೆ ಬಿಗಿಯಾಗಿರುತ್ತದೆ. ಆ ಬಿಗಿ ತಪ್ಪಿದರೆ ಕೋಶ ಬಿಡುವಿಲ್ಲದೆ ಸಂಕೇತ ಕಳಿಸಲು ಶುರು ಮಾಡುತ್ತದೆ.

ಗೇಟು ತೆರೆಯುವ, ಮುಚ್ಚುವ ಹದವನ್ನು ನೋಡಿಕೊಳ್ಳಲು ಮಿದುಳಿನಲ್ಲಿ ಎರಡು ಮುಖ್ಯ ರಾಸಾಯನಿಕಗಳಿವೆ. ಗ್ಲುಟಮೇಟ್ ಕೋಶವನ್ನು ಕೆರಳಿಸುತ್ತದೆ. ಗಾಬಾ ಎಂಬುದು ತಣ್ಣಗಾಗಿಸುತ್ತದೆ. ಇವೆರಡರ ತೂಕ ತಪ್ಪಿ, ಲಕ್ಷಾಂತರ ಕೋಶಗಳು ಒಟ್ಟಿಗೆ, ಒಂದೇ ತಾಳದಲ್ಲಿ, ಮತ್ತೆ ಮತ್ತೆ ಸಂಕೇತ ಕಳಿಸತೊಡಗಿದರೆ ಅದೇ ಫಿಟ್ಸ್. ಅದು ಮಿದುಳಿನ ಯಾವ ಭಾಗದಲ್ಲಿ ಶುರುವಾಯಿತು ಎಂಬುದರ ಮೇಲೆ ಲಕ್ಷಣ ಬದಲಾಗುತ್ತದೆ. ಇಡೀ ಮೈ ಸೆಟೆದು ಅದುರಬಹುದು. ಬರೀ ಒಂದು ಕೈ ಜಗ್ಗಬಹುದು. ಮಗು ಪಾಠದ ನಡುವೆ ಹತ್ತು ಸೆಕೆಂಡ್ ಶೂನ್ಯವನ್ನು ದಿಟ್ಟಿಸಿ ಮತ್ತೆ ಸರಿಹೋಗಬಹುದು. ಕೊನೆಯದನ್ನು ಟೀಚರ್‌ಗಳು ‘ಗಮನ ಇಲ್ಲ’ ಎಂದು ಬೈದು ಸುಮ್ಮನಾಗುವುದೂ ಉಂಟು.

ಒಂದು ಸಲ ಫಿಟ್ಸ್ ಬಂದ ಮಾತ್ರಕ್ಕೆ ಮೂರ್ಛೆ ರೋಗ ಎನ್ನುವುದಿಲ್ಲ. ಚಿಕ್ಕ ಮಕ್ಕಳಿಗೆ ಜೋರು ಜ್ವರದಲ್ಲಿ ಬರುತ್ತದೆ. ಸಕ್ಕರೆ ತೀರಾ ಇಳಿದಾಗ, ದಿನಾ ಕುಡಿಯುವವರು ಏಕಾಏಕಿ ಬಿಟ್ಟಾಗಲೂ ಬರುತ್ತದೆ. ಇಂಥ ಕಾರಣವಿಲ್ಲದೆ ಮರುಕಳಿಸಿದರೆ ಮಾತ್ರ ಅದು ಮೂರ್ಛೆ ರೋಗ, ಅಪಸ್ಮಾರ, ಡಾಕ್ಟರ ಮಾತಿನಲ್ಲಿ ಎಪಿಲೆಪ್ಸಿ. ನಮ್ಮ ದೇಶದಲ್ಲಿ ಇದಕ್ಕೊಂದು ದೊಡ್ಡ ಕಾರಣ ಲಾಡಿಹುಳು. ಅದರ ಮೊಟ್ಟೆ ಕೊಳಕು ನೀರು, ಸರಿಯಾಗಿ ತೊಳೆಯದ ತರಕಾರಿಯ ಮೂಲಕ ಹೊಟ್ಟೆ ಸೇರಿ, ಮರಿಹುಳು ಮಿದುಳಿಗೆ ಹೋಗಿ ಕೂರುತ್ತದೆ. ಇದರಲ್ಲಿ ದೆವ್ವ, ಗಾಳಿ, ಶಾಪದ ಪಾತ್ರ ಏನೂ ಇಲ್ಲ.

ಈಗಿರುವ ಮಾತ್ರೆಗಳು ಮಾಡುವುದೇನು?

ಫಿಟ್ಸ್ ಮಾತ್ರೆಗಳು ರೋಗದ ಬೇರನ್ನು ಕೀಳುವುದಿಲ್ಲ, ಫಿಟ್ಸ್ ಬಾರದಂತೆ ತಡೆಯುತ್ತವೆ. ಇದು ಮೊದಲೇ ತಿಳಿದಿದ್ದರೆ ‘ಇಷ್ಟು ದಿನ ನುಂಗಿದರೂ ವಾಸಿಯಾಗಲಿಲ್ಲ’ ಎಂಬ ಬೇಸರ ಕಮ್ಮಿಯಾಗುತ್ತದೆ. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೊಕಾಕ್ ಎಂಬ ವೈದ್ಯ ಪೊಟ್ಯಾಸಿಯಂ ಬ್ರೋಮೈಡ್ ಕೊಟ್ಟು ಫಿಟ್ಸ್ ತಡೆದದ್ದನ್ನು ಹೇಳಿದ. ಕೆಲಸವೇನೋ ಮಾಡುತ್ತಿತ್ತು, ಆದರೆ ರೋಗಿ ಮಂಕಾಗುತ್ತಿದ್ದ. 1912ರಲ್ಲಿ ಫೆನೊಬಾರ್ಬಿಟೋನ್ ಬಂತು. ನಿದ್ದೆ ಬರಿಸುವ ಗುಣ ಅದಕ್ಕೂ ಇತ್ತು.

ಫೆನಿಟಾಯಿನ್ ಕತೆ ಇನ್ನೂ ಸ್ವಾರಸ್ಯದ್ದು. ಅದನ್ನು 1908ರಲ್ಲೇ ಜರ್ಮನಿಯ ಹೈನ್ರಿಚ್ ಬಿಲ್ಟ್ಜ್ ತಯಾರಿಸಿದ್ದ. ನಿದ್ದೆ ಬರಿಸದ ಕಾರಣ ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಮೂವತ್ತು ವರ್ಷ ಕಳೆದ ಮೇಲೆ, 1938ರಲ್ಲಿ, ಬಾಸ್ಟನ್‌ನಲ್ಲಿ ಮೆರಿಟ್ ಮತ್ತು ಪಟ್ನಮ್ ಎಂಬಿಬ್ಬರು ಬೆಕ್ಕುಗಳಿಗೆ ಕರೆಂಟ್ ಕೊಟ್ಟು ಫಿಟ್ಸ್ ಬರಿಸಿ, ಈ ವಸ್ತು ಅದನ್ನು ತಡೆಯುತ್ತದೆ ಎಂದು ತೋರಿಸಿದರು. ನಿದ್ದೆ ಬರಿಸದೆ ಫಿಟ್ಸ್ ತಡೆಯಬಹುದು ಎಂಬುದು ಆಗ ಗೊತ್ತಾಯಿತು.

ಫೆನಿಟಾಯಿನ್, ಕಾರ್ಬಮಜೆಪಿನ್ ಕೆಲಸ ಮಾಡುವುದು ಆ ಸೋಡಿಯಂ ಗೇಟಿನ ಮೇಲೆ. ಎಲ್ಲ ಗೇಟುಗಳನ್ನೂ ಮುಚ್ಚಿಬಿಟ್ಟರೆ ಮಿದುಳೇ ನಿಂತುಹೋದೀತು. ಹಾಗಾಗಿ ಇವು ಹಿಡಿಯುವುದು ಪದೇ ಪದೇ ತೆರೆದು ಮುಚ್ಚುತ್ತಿರುವ ಗೇಟುಗಳನ್ನು. ಮುಚ್ಚಿದ ಗೇಟಿನ ಬಿಗಿ ಸಡಿಲಾಗಲು ಇನ್ನಷ್ಟು ಹೊತ್ತು ಹಿಡಿಯುವಂತೆ ಮಾಡುತ್ತವೆ. ಫೆನೊಬಾರ್ಬಿಟೋನ್, ಕ್ಲೊಬಜಾಮ್ ಥರದವು ಗಾಬಾದ ಕೈ ಬಲಪಡಿಸುತ್ತವೆ. ಲೆವೆಟಿರಸೆಟಮ್ ಎಂಬುದು ನರಕೋಶ ತನ್ನ ರಾಸಾಯನಿಕವನ್ನು ಹೊರಬಿಡುವ ಜಾಗದಲ್ಲಿ ಕೆಲಸ ಮಾಡುತ್ತದೆ.

ಇಷ್ಟೆಲ್ಲ ಇದ್ದ ಮೇಲೆ ಹೊಸ ಔಷಧಿ ಯಾಕೆ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆ ರೋಗವಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ ನೂರಕ್ಕೆ 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು. ಉಳಿದವರಿಗೆ ಎರಡು, ಮೂರು ಔಷಧಿ ಕೊಟ್ಟರೂ ಹತೋಟಿಗೆ ಬರುವುದಿಲ್ಲ. ಹುಡುಕಾಟ ಮುಖ್ಯವಾಗಿ ಅವರಿಗಾಗಿ. ಜೊತೆಗೆ ಅಡ್ಡಪರಿಣಾಮ ಕಮ್ಮಿ ಇರುವ ಮಾತ್ರೆ ಎಲ್ಲರಿಗೂ ಬೇಕು.

ಗಿಡದೊಳಗೆ ಇಂಥ ವಸ್ತು ಯಾಕಿರುತ್ತದೆ?

ಗಿಡ ನಮಗಾಗಿ ಔಷಧಿ ಮಾಡಿಡುವುದಿಲ್ಲ. ಅದಕ್ಕೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ. ತಿನ್ನಲು ಬರುವ ಹುಳ, ದನ, ಆಡುಗಳನ್ನು ದೂರವಿಡಲು ಅದು ರಾಸಾಯನಿಕಗಳನ್ನು ತಯಾರಿಸುತ್ತದೆ. ಹುಳದ ನರವನ್ನು ಕೆಡಿಸುವ ವಸ್ತು ಗಿಡಕ್ಕೆ ಒಳ್ಳೆಯ ಆಯುಧ. ಹುಳದ ನರಕ್ಕೂ ನಮ್ಮ ನರಕ್ಕೂ ಗಾಬಾ, ಗ್ಲುಟಮೇಟ್, ಸೋಡಿಯಂ ಚಾನೆಲ್‌ಗಳು ಬಹುಮಟ್ಟಿಗೆ ಒಂದೇ. ಆದ್ದರಿಂದಲೇ ಗಿಡದ ವಸ್ತು ನಮ್ಮ ಮಿದುಳಿನ ಮೇಲೂ ಪರಿಣಾಮ ಮಾಡುತ್ತದೆ. ಇಂಥ ವಸ್ತುಗಳಲ್ಲಿ ಆಲ್ಕಲಾಯ್ಡ್, ಫ್ಲೇವನಾಯ್ಡ್, ಟರ್ಪೀನ್ ಎಂದು ದೊಡ್ಡ ಕುಟುಂಬಗಳಿವೆ. ದೇಹದ ಮೇಲೆ ಕೆಲಸ ಮಾಡುವ ವಸ್ತು ಎಂಬ ಅರ್ಥದಲ್ಲಿ ಇವನ್ನು ಬಯೋಆ್ಯಕ್ಟಿವ್ ಎನ್ನುತ್ತಾರೆ. ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಆ ಹೆಸರು ಹೇಳುವುದಿಲ್ಲ.

ಫಿಟ್ಸ್ ತರಿಸುವ ಗಿಡಗಳೂ ಇವೆ

ವಾಟ್ಸಾಪ್ ಸುದ್ದಿಯಲ್ಲಿ ಎಂದೂ ಕಾಣದ ಭಾಗ ಇದು. ಮಲೆನಾಡಿನ ಕಡೆ ಕಾಕಮಾರಿ ಎಂಬ ಬಳ್ಳಿ ಸಿಗುತ್ತದೆ. ಅದರ ಬೀಜ ಅರೆದು ಹೊಳೆಗೆ ಹಾಕಿ ಮೀನು ಹಿಡಿಯುತ್ತಿದ್ದರು. ಅದರೊಳಗಿನ ಪಿಕ್ರೋಟಾಕ್ಸಿನ್ ಎಂಬ ವಿಷವನ್ನು 1812ರಲ್ಲೇ ಬೇರೆ ಮಾಡಿದ್ದಾರೆ. ಅದು ಗಾಬಾ ಬಂದು ತೆರೆಯಬೇಕಾದ ಕ್ಲೋರೈಡ್ ದಾರಿಯನ್ನು ಅಡ್ಡಗಟ್ಟುತ್ತದೆ. ತಡೆಯುವವರೇ ಇಲ್ಲದ ಮೇಲೆ ಮಿದುಳು ಕೆರಳಿ ಫಿಟ್ಸ್ ಬರುತ್ತದೆ. ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್ ಇದೆ. ಅದು ಬೆನ್ನುಹುರಿಯಲ್ಲಿ ಇದೇ ಥರದ ಇನ್ನೊಂದು ತಡೆಯನ್ನು ತೆಗೆದುಹಾಕಿ ಇಡೀ ಮೈಯನ್ನು ಬಿಲ್ಲಿನಂತೆ ಬಗ್ಗಿಸುತ್ತದೆ.

ದೂರದ ಕಾಡಿಗೆ ಯಾಕೆ ಹೋಗಬೇಕು? ಕರ್ಪೂರವನ್ನೇ ನೋಡಿ. 1934ರಲ್ಲಿ ಬುಡಾಪೆಸ್ಟಿನ ಲಾಡಿಸ್ಲಾಸ್ ಮೆಡುನಾ ಎಂಬ ವೈದ್ಯ, ಫಿಟ್ಸ್ ಬಂದರೆ ಕೆಲವು ಮಾನಸಿಕ ಕಾಯಿಲೆ ಇಳಿಯುತ್ತದೆ ಎಂದು ನಂಬಿ, ರೋಗಿಗಳಿಗೆ ಕರ್ಪೂರದ ಇಂಜೆಕ್ಷನ್ ಕೊಟ್ಟು ಬೇಕಂತಲೇ ಫಿಟ್ಸ್ ಬರಿಸಿದ. ಅದು ನಿಧಾನವಾಯಿತು ಅಂತ ಬೇಗ ಕೆಲಸ ಮಾಡುವ ಪೆಂಟಿಲೀನ್‌ಟೆಟ್ರಜೋಲ್ ಎಂಬ ಇನ್ನೊಂದು ರಾಸಾಯನಿಕಕ್ಕೆ ಬದಲಾಯಿಸಿಕೊಂಡ. ಇದನ್ನು ಚಿಕ್ಕದಾಗಿ ಪಿಟಿಜೆಡ್ ಎನ್ನುತ್ತಾರೆ. ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಮಗುವಿಗೆ ಶೀತ ಆದಾಗ ಎದೆಗೆ ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ ತಿಕ್ಕುವುದು, ನೀಲಗಿರಿ ಎಣ್ಣೆ ಮೂಸಿಸುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಈ ಎರಡೂ ಎಣ್ಣೆಗಳಿಗೆ ಫಿಟ್ಸ್ ಕೆರಳಿಸುವ ಗುಣವಿದೆ ಎಂಬುದನ್ನು ದಕ್ಷಿಣ ಭಾರತದ ನರರೋಗ ತಜ್ಞರೇ ರೋಗಿಗಳಲ್ಲಿ ಕಂಡು ದಾಖಲಿಸಿದ್ದಾರೆ. ಫಿಟ್ಸ್ ಇರುವವರ ಮನೆಯಲ್ಲಿ ಇವನ್ನು ದೂರ ಇಡುವುದು ಒಳ್ಳೆಯದು. ಮಕ್ಕಳು ಕರ್ಪೂರ ನುಂಗಿದರಂತೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಬಜೆಯದ್ದು ಇನ್ನೊಂದು ಥರ. ಕೂಸಿಗೆ ಬಜೆ ತೇಯ್ದು ನಾಲಿಗೆಗೆ ಹಚ್ಚುವುದು ಹಳೇ ರೂಢಿ. ಆಯುರ್ವೇದದಲ್ಲಿ ಅಪಸ್ಮಾರಕ್ಕೂ ಅದನ್ನು ಹೇಳಿದ್ದಾರೆ, ಇಲಿಗಳ ಮೇಲೆ ಅದರ ಸಾರ ಫಿಟ್ಸ್ ತಡೆದ ವರದಿಗಳೂ ಇವೆ. ಆದರೆ ಅದರ ಎಣ್ಣೆಯಲ್ಲಿರುವ ಬೀಟಾ ಅಸರೋನ್ ಎಂಬ ವಸ್ತು ಇಲಿಗಳಲ್ಲಿ ಕ್ಯಾನ್ಸರ್ ತಂದಿತು ಎಂದು ಅಮೆರಿಕ 1968ರಲ್ಲಿ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಒಂದೇ ಬೇರಿನಲ್ಲಿ ಬೇಕಾದದ್ದೂ ಇದೆ, ಬೇಡವಾದದ್ದೂ ಇದೆ. ಇವೆರಡನ್ನೂ ಬೇರೆ ಮಾಡಲೆಂದೇ ಪ್ರಯೋಗಾಲಯ ಬೇಕು.

ಎಲೆಯೊಳಗಿನ ಅಣುವನ್ನು ಹೊರತೆಗೆಯುವುದು

ಬಳ್ಳಾರಿ, ರಾಯಚೂರಿನ ಫಾರ್ಮಸಿ ಕಾಲೇಜುಗಳಲ್ಲಿ ಓದುವ ಹುಡುಗ ಹುಡುಗಿಯರಿಗೆ ಈ ಕೆಲಸ ಚೆನ್ನಾಗಿ ಗೊತ್ತು. ಸಂಡೂರು ಗುಡ್ಡದಿಂದಲೋ ಹೊಲದ ಬದುವಿನಿಂದಲೋ ಲಕ್ಕಿ ಎಲೆ ತಂದರು ಎನ್ನೋಣ. ಮೊದಲು ಗಿಡದ ಗುರುತು ಖಚಿತವಾಗಬೇಕು. ಒಂದು ಊರಲ್ಲಿ ಬ್ರಾಹ್ಮಿ ಎನ್ನುವುದು ಒಂದೆಲಗವನ್ನು, ಇನ್ನೊಂದು ಊರಲ್ಲಿ ನೀರುಬ್ರಾಹ್ಮಿಯನ್ನು. ಎರಡೂ ಬೇರೆ ಬೇರೆ ಗಿಡ, ಒಳಗಿನ ವಸ್ತುಗಳೂ ಬೇರೆ. ಅದಕ್ಕೇ ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ, ಒಣಗಿಸಿದ ಮಾದರಿಯೊಂದನ್ನು ನಂಬರ್ ಹಾಕಿ ತೆಗೆದಿಡುತ್ತಾರೆ.

ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಬಿಸಿಲಿಗೆ ಹಾಕಿದರೆ ಕೆಲವು ವಸ್ತುಗಳು ಕೆಡುತ್ತವೆ, ನಮ್ಮ ರಾಯಚೂರಿನ ಏಪ್ರಿಲ್ ಬಿಸಿಲಿಗಂತೂ ಕೇಳುವುದೇ ಬೇಡ. ಪುಡಿಯನ್ನು ಸಾಕ್ಸ್‌ಲೆಟ್ ಎಂಬ ಗಾಜಿನ ಸಾಧನದಲ್ಲಿ ಹಾಕಿ, ಕುದಿಯುವ ದ್ರಾವಕದ ಆವಿ ತಣಿದು ಮತ್ತೆ ಮತ್ತೆ ಅದರ ಮೇಲೆ ಸುರಿಯುವಂತೆ ಮಾಡುತ್ತಾರೆ. ಮೊದಲು ಹೆಕ್ಸೇನ್, ಆಮೇಲೆ ಕ್ಲೋರೋಫಾರ್ಮ್, ಕೊನೆಗೆ ಮೆಥನಾಲ್ ಅಥವಾ ನೀರು. ಎಣ್ಣೆಯಂಥ ವಸ್ತು ಮೊದಲನೆಯದರಲ್ಲಿ ಇಳಿಯುತ್ತದೆ, ನೀರಿನಲ್ಲಿ ಕರಗುವಂಥದ್ದು ಕೊನೆಯದರಲ್ಲಿ. ಸಾಕ್ಸ್‌ಲೆಟ್ ಎಂಬ ರಸಾಯನಶಾಸ್ತ್ರಜ್ಞ ಈ ಸಾಧನ ಮಾಡಿದ್ದು 1879ರಲ್ಲಿ, ಹಾಲಿನ ಕೊಬ್ಬಿನ ಅಂಶ ತೆಗೆಯಲು. ಇಂದಿಗೂ ಕಾಲೇಜು ಲ್ಯಾಬುಗಳಲ್ಲಿ ಅದೇ ನಡೆಯುತ್ತಿದೆ.

ಹೀಗೆ ಸಿಕ್ಕ ಅಂಟಂಟಾದ ಕಪ್ಪು ಸಾರದಲ್ಲಿ ನೂರಾರು ವಸ್ತುಗಳಿರುತ್ತವೆ. ಸುದ್ದಿಯಲ್ಲಿ ಬರುವ ಬಹಳಷ್ಟು ಪ್ರಯೋಗಗಳು ನಡೆಯುವುದು ಈ ಸಾರದ ಮೇಲೆ. ಅದರಲ್ಲಿ ಯಾವುದು ಕೆಲಸ ಮಾಡಿತು ಎಂಬುದು ಆಗಿನ್ನೂ ಗೊತ್ತಿರುವುದಿಲ್ಲ. ಗೊತ್ತಾಗಬೇಕಾದರೆ ಕ್ರೊಮಟೋಗ್ರಫಿ ಎಂಬ ವಿಧಾನದಲ್ಲಿ ಒಂದೊಂದಾಗಿ ಬೇರೆ ಮಾಡಿ, ಪ್ರತಿ ಪಾಲನ್ನೂ ಮತ್ತೆ ಪರೀಕ್ಷಿಸಬೇಕು. ಕಿಲೋಗಟ್ಟಲೆ ಎಲೆಯಿಂದ ಶುರು ಮಾಡಿ ಕೊನೆಗೆ ಕೆಲವೇ ಮಿಲಿಗ್ರಾಂ ಬಿಳಿ ಪುಡಿ ಉಳಿಯುವುದುಂಟು. ಅದನ್ನು ಎನ್‌ಎಂಆರ್, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರಗಳಲ್ಲಿ ಇಟ್ಟು ಅಣುವಿನ ಆಕಾರ ತಿಳಿಯುತ್ತಾರೆ. ಹಿಡಿದ ಅಣು ಈಗಾಗಲೇ ಎಲ್ಲರಿಗೂ ಗೊತ್ತಿರುವುದೇ ಎಂದು ಕಡೆಗೆ ತಿಳಿದು ಪಿಎಚ್‌ಡಿ ವಿದ್ಯಾರ್ಥಿ ತಲೆ ಮೇಲೆ ಕೈಹೊತ್ತು ಕೂರುವುದೂ ಇದೆ.

ಇಲಿಯ ಮೇಲೆ ಗೆದ್ದರೆ ಸಾಕೇ?

ಮುಂದಿನದು ಬಿಳಿ ಇಲಿಗಳ ಪರೀಕ್ಷೆ. ಇದಕ್ಕೆ ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಎರಡು ಹಳೆಯ ಪರೀಕ್ಷೆಗಳಿವೆ. ಒಂದರಲ್ಲಿ ಇಲಿಗೆ ಕ್ಷಣಕಾಲ ಕರೆಂಟ್ ಕೊಡುತ್ತಾರೆ, ಹಿಂಗಾಲು ಸೆಟೆಯುವುದನ್ನು ಔಷಧಿ ತಡೆಯಿತೇ ಎಂದು ನೋಡುತ್ತಾರೆ. ಇನ್ನೊಂದರಲ್ಲಿ ಪಿಟಿಜೆಡ್ ಕೊಡುತ್ತಾರೆ. ಕರ್ಪೂರದ ಬದಲಿಗೆ ಬಂದಿತ್ತಲ್ಲ, ಅದೇ.

ಫಿಟ್ಸ್ ನಿಂತಿತು ಅಂದರೆ ಸಾಲದು. ಇಲಿ ಮಂಪರು ಬಂದು ಬಿದ್ದಿದ್ದರೂ ಫಿಟ್ಸ್ ನಿಂತಂತೆ ಕಾಣಬಹುದು. ಅದಕ್ಕಾಗಿ ತಿರುಗುವ ಕೋಲಿನ ಮೇಲೆ ಇಲಿಯನ್ನು ನಿಲ್ಲಿಸುತ್ತಾರೆ. ಜಾರಿ ಬಿದ್ದರೆ ಔಷಧಿ ಅದನ್ನು ಮಂಕು ಮಾಡಿದೆ ಎಂದರ್ಥ. ಫಿಟ್ಸ್ ತಡೆಯುವ ಪ್ರಮಾಣಕ್ಕೂ ಕೋಲಿನಿಂದ ಬೀಳಿಸುವ ಪ್ರಮಾಣಕ್ಕೂ ಅಂತರ ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಈ ಪರೀಕ್ಷೆಗಳ ಮಾತನ್ನೂ ಪೂರ್ತಿ ನಂಬುವಂತಿಲ್ಲ. ಫೆನಿಟಾಯಿನ್ ಕರೆಂಟ್ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಪಿಟಿಜೆಡ್‌ನಲ್ಲಿ ಸೋಲುತ್ತದೆ. ಮಕ್ಕಳ ದಿಟ್ಟಿಸುವ ಫಿಟ್ಸ್‌ಗೆ ಕೊಡುವ ಎಥೋಸಕ್ಸಿಮೈಡ್‌ನದು ಉಲ್ಟಾ. ಇಂದು ಎಲ್ಲ ಕಡೆ ಬರೆಯುವ ಲೆವೆಟಿರಸೆಟಮ್ ಈ ಎರಡೂ ಪರೀಕ್ಷೆಗಳಲ್ಲಿ ಫೇಲ್! ಬೇರೆ ಮಾದರಿಯ ಪರೀಕ್ಷೆಯಲ್ಲಿ ಅದರ ಗುಣ ಕಂಡಿದ್ದರಿಂದ ಉಳಿದುಕೊಂಡು, 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ದ್ರಾವಕವೇ ಔಷಧಿಯಾದ ಕತೆ

ವಾಲ್ಪ್ರೋಯೇಟ್ ಮಾತ್ರೆಯನ್ನು ಫಿಟ್ಸ್ ಇರುವ ಮನೆಗಳಲ್ಲಿ ಕಾಣದವರು ಕಮ್ಮಿ. ಅದರ ಹಿಂದೆ ಎರಡು ಗಿಡಗಳಿವೆ ಎಂದು ಹೆಚ್ಚಿನವರಿಗೆ ಗೊತ್ತಿಲ್ಲ.

ಮೊದಲನೆಯದು ವಲೇರಿಯನ್. ನಮ್ಮ ಹಿಮಾಲಯದ ತಗರದ ಯುರೋಪಿನ ಸಂಬಂಧಿ. ಅದರ ಬೇರಿನ ನಾತಕ್ಕೆ ಕಾರಣವಾದ ವಲೇರಿಕ್ ಆಮ್ಲಗಳ ಮಾದರಿಯಲ್ಲೇ 1882ರಲ್ಲಿ ಬರ್ಟನ್ ಎಂಬ ರಸಾಯನಶಾಸ್ತ್ರಜ್ಞ ಒಂದು ಹೊಸ ಆಮ್ಲ ತಯಾರಿಸಿದ. ಅದೇ ವಾಲ್ಪ್ರೋಯಿಕ್ ಆಮ್ಲ. ಎಣ್ಣೆಯಂಥ ದ್ರವ, ಬೇರೆ ವಸ್ತುಗಳನ್ನು ಕರಗಿಸಲು ಚೆನ್ನಾಗಿತ್ತು. ದೇಹದ ಮೇಲೆ ಯಾವ ಪರಿಣಾಮವೂ ಇಲ್ಲ ಎಂದೇ 80 ವರ್ಷ ಎಲ್ಲರೂ ತಿಳಿದಿದ್ದರು.

ಎರಡನೆಯ ಗಿಡ ಈಜಿಪ್ಟ್ ಕಡೆ ಮೂತ್ರದ ಕಲ್ಲಿಗೆ ಕೊಡುತ್ತಿದ್ದ ಒಂದು ಸಸ್ಯ. ಅದರ ಬೀಜದಲ್ಲಿ ಖೆಲಿನ್ ಎಂಬ ವಸ್ತು ಇದೆ. 1962ರ ಸುಮಾರಿಗೆ ಫ್ರಾನ್ಸಿನ ಪಿಯೆರ್ ಏಮಾರ್ ಎಂಬ ಸಂಶೋಧನಾ ವಿದ್ಯಾರ್ಥಿ ಖೆಲಿನ್ ಅಣುವನ್ನು ತಿದ್ದಿ ಕೆಲವು ಹೊಸ ವಸ್ತುಗಳನ್ನು ಮಾಡಿದ. ಅವು ನೀರಿನಲ್ಲಿ ಕರಗಲಿಲ್ಲ. ವಾಲ್ಪ್ರೋಯಿಕ್ ಆಮ್ಲದಲ್ಲಿ ಕರಗಿದವು. ಪಿಟಿಜೆಡ್ ಪರೀಕ್ಷೆಗೆ ಕೊಟ್ಟರು, ಫಿಟ್ಸ್ ನಿಂತಿತು. ಇಲ್ಲಿಯವರೆಗೆ ಎಲ್ಲ ಸರಿ.

ಆದರೆ ಒಂದು ವಿಚಿತ್ರ ಕಂಡಿತು. ಯಾವ ವಸ್ತು ಕೊಟ್ಟರೂ ಫಿಟ್ಸ್ ನಿಲ್ಲುತ್ತಿತ್ತು. ಖೆಲಿನ್‌ಗೆ ಸಂಬಂಧವೇ ಇಲ್ಲದ ವಸ್ತುವನ್ನು ಅದೇ ಆಮ್ಲದಲ್ಲಿ ಕರಗಿಸಿ ಕೊಟ್ಟರೂ ನಿಲ್ಲುತ್ತಿತ್ತು. ಕೊನೆಗೆ ಬರೀ ದ್ರಾವಕವನ್ನೇ ಕೊಟ್ಟು ನೋಡಿದರು. ಆಗಲೂ ನಿಂತಿತು. ಇಷ್ಟು ದಿನ ಕೆಲಸ ಮಾಡುತ್ತಿದ್ದದ್ದು ಔಷಧಿಯಲ್ಲ, ಅದನ್ನು ಕರಗಿಸಿದ ದ್ರವ! 1963ರಲ್ಲಿ ಇದು ಪ್ರಕಟವಾಯಿತು, 1967ರಲ್ಲಿ ಫ್ರಾನ್ಸಿನಲ್ಲಿ ಮಾತ್ರೆಯಾಗಿ ಬಂತು, 1978ರಲ್ಲಿ ಅಮೆರಿಕ ಒಪ್ಪಿತು.

ಸರಿಯಾದ ಪ್ರಯೋಗದಲ್ಲಿ ಇಲಿಗಳ ಒಂದು ಗುಂಪಿಗೆ ಬರೀ ದ್ರಾವಕ ಕೊಡುವುದು ಇದೇ ಕಾರಣಕ್ಕೆ. ಅದನ್ನು ಕಂಟ್ರೋಲ್ ಗುಂಪು ಎನ್ನುತ್ತಾರೆ. ‘ಈ ಎಲೆಯ ಸಾರದಿಂದ ಫಿಟ್ಸ್ ನಿಂತಿತು’ ಎಂದು ಓದಿದಾಗ ಮೊದಲು ಕೇಳಬೇಕಾದದ್ದು, ಸಾರ ಕೊಡದ ಇಲಿಗಳಿಗೆ ಏನಾಯಿತು ಅಂತ.

ಅಣುವನ್ನು ತಿದ್ದುವುದು ಯಾಕೆ?

ಗಿಡದಲ್ಲಿ ಸಿಕ್ಕ ಅಣು ಹಾಗೇ ಔಷಧಿಯಾಗುವುದು ಅಪರೂಪ. ಮಿದುಳಿನ ರಕ್ತನಾಳಗಳ ಸುತ್ತ ಬಿಗಿಯಾದ ತಡೆಗೋಡೆ ಇದೆ. ಚಿಕ್ಕದಾಗಿ, ಎಣ್ಣೆಯಲ್ಲಿ ಸ್ವಲ್ಪ ಕರಗುವಂತಿರುವ ಅಣುಗಳು ಅದನ್ನು ದಾಟುತ್ತವೆ. ಗಿಡದ ಅನೇಕ ಫ್ಲೇವನಾಯ್ಡ್‌ಗಳು ಸಕ್ಕರೆಯ ತುಂಡಿಗೆ ಅಂಟಿಕೊಂಡಿರುವುದರಿಂದ ದಾಟುವುದು ಕಷ್ಟ. ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ ವಸ್ತು, ನುಂಗಿದಾಗ ಮಿದುಳಿಗೆ ಮುಟ್ಟದೇ ಹೋಗಬಹುದು. ಗಾಬಾವನ್ನೇ ಮಾತ್ರೆ ಮಾಡಿ ನುಂಗಿದರೂ ಇದೇ ತೊಂದರೆ. ಅದಕ್ಕೇ ರಸಾಯನಶಾಸ್ತ್ರಜ್ಞರು ಗಾಬಾಕ್ಕೆ ಒಂದು ಇಂಗಾಲದ ಉಂಗುರ ಸೇರಿಸಿ ಗ್ಯಾಬಾಪೆಂಟಿನ್ ಮಾಡಿದರು. ಅದು ಮಿದುಳಿಗೇನೋ ಹೋಯಿತು. ಆದರೆ ಅಲ್ಲಿ ಗಾಬಾದ ಕೆಲಸ ಮಾಡದೆ ಕ್ಯಾಲ್ಸಿಯಂ ಚಾನೆಲ್‌ಗೆ ಹೋಗಿ ಕೂತಿತು. ಫಿಟ್ಸ್ ಕಮ್ಮಿಯಾಯಿತು, ಲೆಕ್ಕ ಮಾತ್ರ ತಪ್ಪಿತು.

ಕರಿಮೆಣಸಿನ ಖಾರಕ್ಕೆ ಕಾರಣ ಪೈಪರೀನ್. 1819ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಇದನ್ನು ಬೇರೆ ಮಾಡಿದ. ಚೀನಾದಲ್ಲಿ ಮೆಣಸು ಮತ್ತು ಮೂಲಂಗಿ ಸೇರಿಸಿದ ಹಳ್ಳಿ ಮದ್ದೊಂದನ್ನು ಫಿಟ್ಸ್‌ಗೆ ಕೊಡುತ್ತಿದ್ದರು. ಅದರ ಬೆನ್ನು ಹತ್ತಿದ ಅಲ್ಲಿನ ಸಂಶೋಧಕರು ಪೈಪರೀನ್ ಅಣುವಿನ ನಡುವಿನ ಸರಪಳಿಯನ್ನು ಮೊಟಕು ಮಾಡಿ ಆ್ಯಂಟಿಎಪಿಲೆಪ್ಸಿರಿನ್ ಎಂಬ ಔಷಧಿ ತಯಾರಿಸಿದರು. ಚೀನಾದಲ್ಲಿ ಅದನ್ನು ರೋಗಿಗಳಿಗೆ ಕೊಟ್ಟರು, ಬೇರೆ ದೇಶಗಳಲ್ಲಿ ಬೇರೂರಲಿಲ್ಲ. ಅಣುವಿನ ಯಾವ ತುದಿ ತೆಗೆದರೆ ಗುಣ ಹೋಗುತ್ತದೆ, ಯಾವುದನ್ನು ಸೇರಿಸಿದರೆ ಹೆಚ್ಚುತ್ತದೆ ಎಂದು ಹತ್ತಾರು ಸಲ ಬದಲಿಸಿ ನೋಡುವುದೇ ಮೆಡಿಸಿನಲ್ ಕೆಮಿಸ್ಟ್ರಿಯ ದಿನನಿತ್ಯದ ಕೆಲಸ. ಈಗ ಕಂಪ್ಯೂಟರ್‌ನಲ್ಲೇ ಅಣುವನ್ನು ಚಾನೆಲ್‌ಗೆ ಕೂರಿಸಿ ನೋಡುವ ಡಾಕಿಂಗ್ ಎಂಬ ವಿಧಾನವೂ ಇದೆ. ಅದು ಎಲ್ಲಿಂದ ಶುರು ಮಾಡಬೇಕು ಎಂದು ಸೂಚಿಸುತ್ತದೆ, ಅದಕ್ಕಿಂತ ಜಾಸ್ತಿ ಏನಿಲ್ಲ.

ಗಾಂಜಾದಿಂದ ಬಂದ ಔಷಧಿ

ಗಿಡದ ಅಣು ತಿದ್ದುಪಡಿಯಿಲ್ಲದೆ ಮಾತ್ರೆ ಅಂಗಡಿ ತಲುಪಿದ ಅಪರೂಪದ ಉದಾಹರಣೆಯೂ ಇದೆ. 1839ರಲ್ಲಿ ಕಲ್ಕತ್ತಾದ ಮೆಡಿಕಲ್ ಕಾಲೇಜಿನಲ್ಲಿದ್ದ ಓ'ಶಾನೆಸಿ ಎಂಬ ವೈದ್ಯ, ಫಿಟ್ಸ್ ಬರುತ್ತಿದ್ದ ಹಸುಗೂಸಿಗೆ ಗಾಂಜಾ ಸಾರ ಕೊಟ್ಟು ಗುಣ ಕಂಡದ್ದನ್ನು ಬರೆದ. ಅದರಲ್ಲಿರುವ ಕ್ಯಾನಬಿಡಿಯಾಲ್ ಎಂಬ, ಅಮಲು ಬರಿಸದ ವಸ್ತುವನ್ನು 1940ರಲ್ಲಿ ಬೇರೆ ಮಾಡಿದರು. 1963ರಲ್ಲಿ ಇಸ್ರೇಲಿನ ರಫಾಯೆಲ್ ಮೆಷೂಲಮ್ ಅದರ ಆಕಾರ ತಿಳಿಸಿದರು. ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಅದೂ ಮಕ್ಕಳಲ್ಲಿ ಬರುವ ಡ್ರಾವೆ, ಲೆನಾಕ್ಸ್-ಗಸ್ಟೋ ಎಂಬ ಎರಡು ತೀವ್ರ ಬಗೆಯ ಮೂರ್ಛೆ ರೋಗಕ್ಕೆ ಮೊದಲು.

ಅದರ ಹಿಂದಿನ ಒಂದು ಪ್ರಯೋಗದಲ್ಲಿ ಡ್ರಾವೆ ಇರುವ 120 ಮಕ್ಕಳು ಮತ್ತು ಯುವಕರಿದ್ದರು. ಔಷಧಿ ಪಡೆದವರಲ್ಲಿ ತಿಂಗಳ ಫಿಟ್ಸ್ ಸಂಖ್ಯೆ 12.4ರಿಂದ 5.9ಕ್ಕೆ ಇಳಿಯಿತು. ಹುಸಿ ಔಷಧಿ ಪಡೆದವರಲ್ಲಿ 14.9 ಇದ್ದದ್ದು 14.1 ಆಯಿತು. ಕೊಟ್ಟದ್ದು ದಿನಕ್ಕೆ, ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ. ಅಂದರೆ 20 ಕಿಲೋ ತೂಗುವ ಮಗುವಿಗೆ ದಿನಕ್ಕೆ 400 ಮಿಲಿಗ್ರಾಂ ಶುದ್ಧ ವಸ್ತು. ಗಾಂಜಾ ಸೊಪ್ಪಿನಲ್ಲಿ ಇಂಥ ಅಳತೆ ಇರುವುದಿಲ್ಲ. ಅಮಲು ಬರಿಸುವ ಟಿಎಚ್‌ಸಿ ಎಂಬ ವಸ್ತು ಜೊತೆಗೇ ಇರುತ್ತದೆ, ಅದು ಬೆಳೆಯುವ ಮಿದುಳಿಗೆ ಒಳ್ಳೆಯದಲ್ಲ. ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಾಂಜಾ ಇಟ್ಟುಕೊಳ್ಳುವುದೇ ಅಪರಾಧ.

ಈಗ ಮಾತ್ರೆ ನುಂಗುತ್ತಿರುವವರು ತಿಳಿದಿರಬೇಕಾದದ್ದು

ಗಿಡಮದ್ದು ಮಾತ್ರೆಯ ಜೊತೆ ಸೇರಿದರೆ ಸುಮ್ನೆ ಇರುವುದಿಲ್ಲ. ಪೈಪರೀನ್ ಫೆನಿಟಾಯಿನ್ ಅನ್ನು ರಕ್ತಕ್ಕೆ ಜಾಸ್ತಿ ಸೇರಿಸುತ್ತದೆ ಎಂದು ಭಾರತದಲ್ಲಿ ಮನುಷ್ಯರ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ಫೆನಿಟಾಯಿನ್ ರಕ್ತದಲ್ಲಿ ಪ್ರತಿ ಮಿಲಿಲೀಟರ್‌ಗೆ 10ರಿಂದ 20 ಮೈಕ್ರೋಗ್ರಾಂ ಇದ್ದರೆ ಸರಿ. ಅದಕ್ಕಿಂತ ಮೇಲೆ ಹೋದರೆ ಕಣ್ಣು ಅದುರುತ್ತದೆ, ನಡಿಗೆ ತೂರಾಡುತ್ತದೆ. ಮೆಣಸು, ಹಿಪ್ಪಲಿ ಇರುವ ಕಷಾಯವನ್ನೋ ಚೂರ್ಣವನ್ನೋ ದಿನಾ ತೆಗೆದುಕೊಳ್ಳಲು ಶುರು ಮಾಡುವ ಮುನ್ನ ಡಾಕ್ಟರಿಗೆ ಹೇಳಬೇಕು.

‘ಶುದ್ಧ ಗಿಡಮೂಲಿಕೆ’ ಎಂದು ಮಾರುವ ಬಿಡಿ ಪುಡಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇಂಥವನ್ನು ಪರೀಕ್ಷಿಸಿದಾಗ ಒಳಗೆ ಫೆನೊಬಾರ್ಬಿಟೋನ್, ಫೆನಿಟಾಯಿನ್ ಬೆರೆಸಿರುವುದು ನಮ್ಮ ದೇಶದಲ್ಲೇ ಪತ್ತೆಯಾಗಿದೆ. ಪುಡಿಯಿಂದ ಗುಣ ಕಂಡವರು ಅಸಲಿಗೆ ನುಂಗುತ್ತಿದ್ದದ್ದು ಅಳತೆ ಗೊತ್ತಿಲ್ಲದ ಅದೇ ಇಂಗ್ಲಿಷ್ ಮಾತ್ರೆ. ಪುಡಿ ಮುಗಿದ ದಿನ, ಮಾತ್ರೆಯನ್ನು ಏಕಾಏಕಿ ಬಿಟ್ಟಾಗ ಆಗುವುದೇ ಆಗುತ್ತದೆ. ಫಿಟ್ಸ್ ಒಂದರ ಹಿಂದೆ ಒಂದು ಬಂದು ಜೀವಕ್ಕೇ ಅಪಾಯವಾಗಬಹುದು. ಐದು ನಿಮಿಷ ದಾಟಿದರೂ ಫಿಟ್ಸ್ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಅಲ್ಲಿಯವರೆಗೆ ಪಕ್ಕಕ್ಕೆ ಹೊರಳಿಸಿ ಮಲಗಿಸಿದರೆ ಸಾಕು. ಕೈಗೆ ಕೀಲಿ ಗೊಂಚಲು, ಮೂಗಿಗೆ ಉಳ್ಳಾಗಡ್ಡಿ, ಬಾಯಿಗೆ ಚಮಚ ಯಾವುದೂ ಬೇಡ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತಿದೆ. ಬಸುರಿನಲ್ಲಿ ವಾಲ್ಪ್ರೋಯೇಟ್ ತೆಗೆದುಕೊಂಡರೆ ನೂರರಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟುವಾಗಲೇ ಅಂಗದ ದೋಷ ಇರಬಹುದು, 30ರಿಂದ 40 ಮಕ್ಕಳ ಬೆಳವಣಿಗೆಯಲ್ಲಿ ತೊಂದರೆ ಕಾಣಬಹುದು. ಹಾಗಂತ ತಾವಾಗಿ ನಿಲ್ಲಿಸುವುದೂ ಅಪಾಯ. ಮದುವೆಯ ಮಾತು ಶುರುವಾದಾಗಲೇ ಡಾಕ್ಟರಲ್ಲಿ ಕೇಳಿದರೆ ಬೇರೆ ಮಾತ್ರೆಗೆ ನಿಧಾನವಾಗಿ ಬದಲಾಯಿಸಲು ಸಮಯ ಸಿಗುತ್ತದೆ. ಫಿಟ್ಸ್ ಇರುವುದನ್ನು ಬೀಗರಿಂದ ಮುಚ್ಚಿಟ್ಟು, ಮಾತ್ರೆಯನ್ನೂ ಬಚ್ಚಿಟ್ಟು ನುಂಗುವ ಹುಡುಗಿಯರಿಗೆ ಈ ಸಮಯವೇ ಸಿಗುವುದಿಲ್ಲ.

ಮಾತ್ರೆ ಬಿಡಲು ಸಾಧ್ಯವೇ ಇಲ್ಲ ಅಂತಲೂ ಅಲ್ಲ. ಸಾಮಾನ್ಯವಾಗಿ ಎರಡು ವರ್ಷ ಅಥವಾ ಜಾಸ್ತಿ ಕಾಲ ಒಂದೂ ಫಿಟ್ಸ್ ಬಾರದಿದ್ದರೆ ಡಾಕ್ಟರು ಆ ಯೋಚನೆ ಮಾಡುತ್ತಾರೆ. ಯಾವ ಬಗೆಯ ಮೂರ್ಛೆ ರೋಗ, ಇಇಜಿ (ಮಿದುಳಿನ ವಿದ್ಯುತ್ ಸಂಕೇತ ನೋಡುವ ಪರೀಕ್ಷೆ) ಹೇಗಿದೆ, ಸ್ಕ್ಯಾನ್‌ನಲ್ಲಿ ಏನಿದೆ ಎಂದೆಲ್ಲ ನೋಡಿ, ಕೆಲವು ತಿಂಗಳುಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವೇ ಕಮ್ಮಿ ಮಾಡುತ್ತಾರೆ. ಆ ತಿಂಗಳುಗಳಲ್ಲಿ ಬೈಕ್ ಓಡಿಸುವುದು, ಬಾವಿ ಕಟ್ಟೆ ಹತ್ತುವುದು, ಕಾಲುವೆಯಲ್ಲಿ ಈಜುವುದು ಬೇಡ.